ಎರಡು ದಿನದ ಪಟ್ಟಣವಾಸ

ಮಾಗಡಿಯ ಬಸ್ ನಿಲ್ದಾಣದಲ್ಲಿ ಬೆಂಗಳೂರಿನ ಬಸ್ಸಿಗಾಗಿ ಕಾದು ನಿಂತ ಹಳ್ಳಿಯ ಗೃಹಸ್ಥನನ್ನು ಪರಿಚಿತರು ಕೇಳುವ ಪ್ರಶ್ನೆ ಒಂದೇ: “ಏನ್ ಗೌಡ್ರೆ, ಬೆಂಗ್ಳೂರ್ ಕಡೆಗೆ ಹೊರಟ್ರಿ? ಕೋರ್ಟೊ, ಆಸ್ಪತ್ರೆಯೊ?” ಈ ಎರಡನ್ನು ಬಿಟ್ಟರೆ ಮೂರನೆಯ ಕಾರಣ ಮದುವೆಯ ಜವಳಿ. “ಯಾವುದೂ ಅಲ್ಲ ಕಣಪ್ಪ, ನಾಕು ಚಿತ್ರ ನೋಡಿ, ಒಂದು ಸಂಗೀತ ಕೇಳಿ, ಬಾಯಿಗೆ ರುಚಿಯಾಗಿ ಏನಾದ್ರೂ ತಿಂದು ನಾಡಿದ್ದು ಬರ್ತೀನಿ” ಎಂದು ಗೌಡರು ಉತ್ತರ ಕೊಟ್ಟರೆಂದು ಭಾವಿಸೋಣ. ಕೇಳಿದವನು ಒಂದು ಕ್ಷಣ ಅವರ ಮುಖವನ್ನೇ ನೋಡಿ, ಮನೆಯಲ್ಲಿ ಎಲ್ಲರೂ ಕ್ಷೇಮವೆ ಎಂದು ವಿಚಾರಿಸಿದರೂ ಆಶ್ಚರ್ಯವಿಲ್ಲ!

ನಮ್ಮ ಹಳ್ಳಿಗರ ಪಾಲಿಗೆ ಪಟ್ಟಣವೆಂಬುದು ಬಹುಮಟ್ಟಿಗೆ ಕಷ್ಟದ ಊರು. ಕಛೇರಿಯ ಮೆಟ್ಟಿಲು, ವಕೀಲರ ಬೆಂಚು, ಔಷಧದ ವಾಸನೆ, ಸರದಿಯ ಸಾಲು: ಇಷ್ಟನ್ನೇ ಕಂಡು, ಸಂಜೆಯ ಬಸ್ಸು ತಪ್ಪೀತೆಂಬ ಗಾಬರಿಯಲ್ಲಿ ಅವರು ಹಿಂದಿರುಗುತ್ತಾರೆ. ಪಟ್ಟಣದ ಕಹಿಯಷ್ಟೇ ಅವರ ಪಾಲು; ಸಿಹಿಯೆಲ್ಲ ಅಲ್ಲಿನ ನಿವಾಸಿಗಳದು. ಇದಕ್ಕೆ ದೂರ ಕಾರಣವೆನ್ನುವಂತಿಲ್ಲ. ಮಾಗಡಿಗೂ ಬೆಂಗಳೂರಿಗೂ ನಡುವೆ ಇರುವುದು ಸುಮಾರು 50 ಕಿಲೋಮೀಟರು ಮಾತ್ರ. ಸಂಗೀತ, ಚಿತ್ರಕಲೆ ಮೊದಲಾದವು ತಮಗಾಗಿ ಇರುವುವಲ್ಲ, ಅವಕ್ಕೆ ಬೇರೆಯೇ ಒಂದು ಜಾತಿಯ ಜನರುಂಟು ಎಂಬ ಸಂಕೋಚವೇ ನಿಜವಾದ ದೂರ.

ಈ ಸಂಕೋಚಕ್ಕೆ ಆಧಾರವೆಷ್ಟೆಂಬುದನ್ನು ಪರೀಕ್ಷಿಸಲು ಮಾಗಡಿ ತಾಲ್ಲೂಕಿನ ಕಲ್ಯಕ್ಕಿಂತ ಒಳ್ಳೆಯ ಊರು ದೊರೆಯಲಾರದು. ಇಂದು ಅದೊಂದು ಸಾಮಾನ್ಯ ಹಳ್ಳಿ. ಬಂಡೆಯ ಬೆಟ್ಟ, ರಾಗಿಯ ಹೊಲ, ಅವರೆಯ ಸಾಲು. ಆದರೆ ಹದಿನಾಲ್ಕನೆಯ ಶತಮಾನದಲ್ಲಿ ಅದು ಆನೆಗೊಂದಿ, ಪೆನುಗೊಂಡೆಗಳ ಜತೆಯಲ್ಲಿ ಹೆಸರು ಹೇಳಿಸಿಕೊಂಡ ಪಟ್ಟಣ! ವಿಜಯನಗರದ ಬುಕ್ಕರಾಯನ 1368ರ ಪ್ರಸಿದ್ಧ ಶಾಸನ ಶ್ರವಣಬೆಳಗೊಳದಲ್ಲಿ ಇರುವಂತೆಯೇ ಕಲ್ಯದಲ್ಲಿಯೂ ದೊರೆತಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಹುಟ್ಟಿ, ಜೈನರು ಅರಸನಲ್ಲಿ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತನು. ಈ ಕಥೆ ಶಾಲೆಯ ಮಕ್ಕಳಿಗೂ ಗೊತ್ತು.

ಆದರೆ ಆ ತೀರ್ಪಿನಲ್ಲಿ ಅರಸನು ಎತ್ತಿಹಿಡಿದ ಹಕ್ಕು ಯಾವುದೆಂಬುದನ್ನು ಗಮನಿಸುವವರು ಕಡಿಮೆ. ಪಂಚಮಹಾವಾದ್ಯಗಳೂ ಕಲಶವೂ ಜೈನರಿಗೆ ಹಿಂದಿನಿಂದ ಬಂದಂತೆಯೇ ಸಲ್ಲತಕ್ಕದ್ದು ಎಂಬುದೇ ಅದು. ಎಂದರೆ, ಜಗಳದ ತಿರುಳಿನಲ್ಲಿ ವಾದ್ಯವಿತ್ತು. ತಮ್ಮ ಉತ್ಸವದಲ್ಲಿ ವಾದ್ಯ ಮೊಳಗುವುದು ಬಿಡಿಸಲಾಗದ ಹಕ್ಕೆಂದು ತಿಳಿದ ಜನ, ಅದಕ್ಕಾಗಿ ಅರಸನ ಬಾಗಿಲವರೆಗೆ ಹೋದರು. ಆ ಮೊರೆಯಿಟ್ಟ ಪಟ್ಟಣಗಳ ಸಾಲಿನಲ್ಲಿ ಕಲ್ಯವೂ ಒಂದು. ಅಷ್ಟೇ ಅಲ್ಲ, ಮನೆಮನೆಯಿಂದಲೂ ವರ್ಷಕ್ಕೆ ಒಂದು ಹಣ ಕೂಡಿಸಿ, ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದೂ ಏರ್ಪಾಡಾಯಿತು. ಶಿಲ್ಪವನ್ನು ಉಳಿಸಲು ಸಾಮಾನ್ಯ ಗೃಹಸ್ಥನೂ ಒಂದು ಹಣ ಕೊಡಬೇಕೆಂಬುದು ಆರೂವರೆ ಶತಮಾನಗಳ ಹಿಂದಿನ ವಿವೇಕ.

ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನ ಗದ್ದುಗೆ ಇರುವುದೂ ಕಲ್ಯದಲ್ಲೇ ಎಂದು ಪ್ರತೀತಿ. ಪಂಡಿತರ ವೃತ್ತಗಳನ್ನು ಬದಿಗಿಟ್ಟು, ಸಾಮಾನ್ಯರು ಹಾಡಿಕೊಳ್ಳಬಹುದಾದ ದ್ವಿಪದಿಯಲ್ಲಿ ತೆಲುಗು ಬಸವಪುರಾಣವನ್ನು ರಚಿಸಿದಾತ ಅವನು. ಇಂಥ ಊರಿನವನು ಸಂಗೀತದ ಸಭೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಹೋಗಲೊ ಬೇಡವೊ ಎಂದು ಅಳುಕಬೇಕಾದುದುಂಟೆ?

ಇನ್ನು ಬೆಂಗಳೂರಾದರೂ ಮಾಗಡಿ ಸೀಮೆಗೆ ಪರಸ್ಥಳವಲ್ಲ. ಆ ನಗರವನ್ನು ಕಟ್ಟಿದ ಕೆಂಪೇಗೌಡರ ಮನೆತನ 1638ರಲ್ಲಿ ಅದನ್ನು ಬಿಜಾಪುರದ ಸೈನ್ಯಕ್ಕೆ ಕಳೆದುಕೊಂಡು ಮಾಗಡಿಯಲ್ಲಿ ನೆಲೆಸಿತು. ಹಿರಿಯ ಕೆಂಪೇಗೌಡರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿರುವುದು 2015ರಲ್ಲಿ ಬೆಳಕಿಗೆ ಬಂದಿತು. ಕಲ್ಯದವನು ಬೆಂಗಳೂರಿಗೆ ಹೋಗುವುದೆಂದರೆ ದಾಯಾದಿಯ ಮನೆಗೆ ಹೋದಂತೆ, ಸಲುಗೆಯಿಂದಲೇ ಹೋಗಬಹುದು.

ಹೋಗುವುದು ಯಾವಾಗ? ಒಕ್ಕಲುತನದವನಿಗೆ ಇದು ಮುಖ್ಯವಾದ ಪ್ರಶ್ನೆ. ಅದೃಷ್ಟವಶಾತ್ ಪಟ್ಟಣದ ಎರಡು ಒಳ್ಳೆಯ ಋತುಗಳು ಹೊಲದ ಬಿಡುವಿನೊಡನೆ ಹೊಂದಿಕೊಂಡಿವೆ. ಮೊದಲನೆಯದು ರಾಗಿಯ ಕಣ ಮುಗಿಯುವ ಜನವರಿ; ಎರಡನೆಯದು ಯುಗಾದಿ ಕಳೆದು ಮುಂಗಾರಿನ ಉಳುಮೆ ಬಿರುಸಾಗುವುದಕ್ಕೆ ಮುಂಚಿನ ರಾಮನವಮಿ.

ಜನವರಿಯಲ್ಲಿ ಚಿತ್ರಗಳ ಸುಗ್ಗಿ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಸ್ಥಾಪಿತವಾದುದು. ಅದರ ಚಿತ್ರಸಂತೆ ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಜನವರಿಯ ಒಂದು ಭಾನುವಾರ ನಡೆದುಬಂದಿದೆ. ರಸ್ತೆಯ ಇಕ್ಕೆಲಗಳಲ್ಲಿಯೂ ಕಲಾವಿದರು ತಮ್ಮ ಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ. ಸಂತೆಯೆಂಬ ಹೆಸರೇ ಹಳ್ಳಿಗನಿಗೆ ಅಭಯವಿತ್ತಂತೆ. ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಕೊಳ್ಳಲೇಬೇಕೆಂಬ ಬಲವಂತವೂ ಇಲ್ಲ. ಎಳ್ಳಷ್ಟೂ ಅರ್ಥವಾಗದ ಚಿತ್ರದ ಮುಂದೆ ತಲೆದೂಗುವ ಕಷ್ಟವನ್ನೂ ಪಡಬೇಕಾಗಿಲ್ಲ. ನೂರು ಚಿತ್ರಗಳನ್ನು ಓಡುತ್ತ ನೋಡುವುದಕ್ಕಿಂತ, ಮನಸ್ಸಿಗೆ ಹಿಡಿದ ಹತ್ತರ ಮುಂದೆ ನಿಂತು, ಬರೆದವನನ್ನೇ ಎರಡು ಮಾತು ಕೇಳುವುದು ಮೇಲು.

ಆದರೆ ಸಂತೆಯ ಸಂಭ್ರಮದಲ್ಲಿ ಪರಿಷತ್ತಿನ ಸಂಗ್ರಹಾಲಯವನ್ನು ಮರೆಯಬಾರದು. ಪರಿಷತ್ತನ್ನು ಬೆಳೆಸಿದ ಎಂ. ಎಸ್. ನಂಜುಂಡರಾಯರು ಕರ್ನಾಟಕದ ಹಳ್ಳಿಗಳಿಂದ ಕೂಡಿಸಿದ ತೊಗಲುಬೊಂಬೆಗಳು ಅಲ್ಲಿವೆ. ತೊಗಲನ್ನು ಬೆಳಕು ತೂರುವಷ್ಟು ತೆಳ್ಳಗೆ ಹದಮಾಡಿ, ಕತ್ತರಿಸಿ, ಬಣ್ಣ ತುಂಬಿ, ಹಿಂದೆ ದೀಪವಿಟ್ಟು ಪರದೆಯ ಮೇಲೆ ರಾಮಾಯಣವನ್ನು ಕುಣಿಸಿದ ಕಲೆ ಅದು. ಒಂದು ಕಾಲಕ್ಕೆ ಬೊಂಬೆಯವರು ಊರ ಹೊರಗೆ ಬೀಡುಬಿಟ್ಟರೆ ಆಟ ಮುಗಿಯುವ ಹೊತ್ತಿಗೆ ಕೋಳಿ ಕೂಗುತ್ತಿತ್ತು. ಹಳ್ಳಿ ಅದನ್ನು ಬಿಟ್ಟಿತು, ಪಟ್ಟಣ ಎತ್ತಿಟ್ಟುಕೊಂಡಿತು. ತನ್ನ ತಾತ ಕಂಬಳಿ ಹೊದ್ದು ಕುಳಿತು ನೋಡಿದ ರಾವಣನನ್ನು ಮೊಮ್ಮಗನು ಪಟ್ಟಣದ ಗೋಡೆಯ ಮೇಲೆ ನೋಡಬೇಕಾಗಿ ಬಂದುದು ಸಂತೋಷಪಡುವ ಸಂಗತಿಯೊ ವ್ಯಸನಪಡುವ ಸಂಗತಿಯೊ ಹೇಳುವುದು ಕಷ್ಟ. ಹೇಗಾದರೂ ಆಗಲಿ, ಅದನ್ನು ನೋಡುವ ಮೊದಲ ಹಕ್ಕು ಹಳ್ಳಿಯವನದೇ.

ಜನವರಿಯಲ್ಲಿ ಅವರೆಯ ಕಾಲವೂ ಹೌದು. ಮಾಗಡಿ ಸೀಮೆಯ ಸೊಗಡವರೆಗೆ ಬೆಂಗಳೂರಿಗರು ಮಾರುಹೋಗಿರುವುದು ಜಗತ್ಪ್ರಸಿದ್ಧ. ಈ ಶತಮಾನದ ಆರಂಭದಿಂದ ವಿಶ್ವೇಶ್ವರಪುರದ ಕಡೆ ಅವರೆಬೇಳೆ ಮೇಳವೆಂಬ ಹೊಸ ಜಾತ್ರೆಯೂ ಹುಟ್ಟಿಕೊಂಡಿದೆ. ಅವರೆಯ ದೋಸೆ, ಅವರೆಯ ಹೋಳಿಗೆ, ಹಿತಕಿದ ಬೇಳೆಯ ಸಾರು: ಮನೆಯ ಹಿತ್ತಲಿನಲ್ಲಿ ಅಷ್ಟಾಗಿ ಬೆಲೆಯಿಲ್ಲದ ಕಾಯಿ ಅಲ್ಲಿ ಹತ್ತು ವೇಷ ಹಾಕುತ್ತದೆ. ತಾನು ಚೀಲದ ಲೆಕ್ಕದಲ್ಲಿ ಮಾರಿದ ಕಾಯಿಯನ್ನು ತಟ್ಟೆಯ ಲೆಕ್ಕದಲ್ಲಿ ಕೊಂಡು ತಿನ್ನುವಾಗ ರೈತನಿಗೆ ನಗೆಯೂ ಬಂದೀತು, ಒಂದಿಷ್ಟು ಲೆಕ್ಕಾಚಾರವೂ ಹೊಳೆದೀತು, ಎರಡೂ ಲಾಭವೇ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಗೂ ಮಾಗಡಿಯ ಕಡೆಯವರು ಕಾಯಿ ತರುವುದುಂಟು. ಮಾರಿದ ಹಣವನ್ನು ಒಳಜೇಬಿನಲ್ಲಿಟ್ಟು ನೇರವಾಗಿ ಬಸ್ಸಿಗೆ ಓಡುವವರಿಗೆ, ಹತ್ತಿರದಲ್ಲೇ ಗಾಂಧಿಬಜಾರಿನ ವಿದ್ಯಾರ್ಥಿ ಭವನವಿದೆಯೆಂದು ಯಾರಾದರೂ ಹೇಳಬೇಕು. 1943ರಲ್ಲಿ ಆರಂಭವಾದ ಈ ಹೋಟೆಲಿನಲ್ಲಿ ಗರಿಗರಿಯಾದ ಬೆಣ್ಣೆದೋಸೆಯಷ್ಟೇ ಅಲ್ಲ, ಗೋಡೆಯ ಮೇಲೆ ಕನ್ನಡ ಸಾಹಿತಿಗಳ ಚಿತ್ರಗಳೂ ಉಂಟು. ದೋಸೆ ಬರುವವರೆಗೆ ಕಾಯುವ ಹೊತ್ತನ್ನು ಸಾಹಿತ್ಯಸೇವೆಗೆ ಸಲ್ಲಿಸಬಹುದು! ಲಾಲ್‌ಬಾಗಿನ ಬದಿಯ ಮಾವಳ್ಳಿ ಟಿಫಿನ್ ರೂಮಿನ ಮೂಲ 1924ರಷ್ಟು ಹಿಂದಿನದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ, ರವೆಯನ್ನು ಬಳಸಿ ರವೆ ಇಡ್ಲಿಯನ್ನು ಕಂಡುಹಿಡಿದ ಹೆಮ್ಮೆ ತಮ್ಮದೆಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ಅಭಾವದಿಂದ ರುಚಿಯನ್ನು ಹುಟ್ಟಿಸುವ ವಿದ್ಯೆ ಹಳ್ಳಿಯ ಗೃಹಿಣಿಗೆ ಹೊಸದಲ್ಲ. ಆದ್ದರಿಂದ ಆ ಇಡ್ಲಿಯ ಯೋಗ್ಯತೆಯನ್ನು ಆಕೆಯೇ ಸರಿಯಾಗಿ ತೂಗಬಲ್ಲಳು. ಆಕೆಯ ವಿಷಯದಲ್ಲಿ ಇನ್ನೊಂದು ಮಾತು. ವರ್ಷವೆಲ್ಲ ಒಲೆಯ ಮುಂದೆ ಬೆಂದವಳಿಗೆ, ಬೇರೊಬ್ಬರು ಮಾಡಿ ಬಡಿಸಿದುದನ್ನು ಬಿಸಿಯಾಗಿ, ಕುಳಿತು ತಿನ್ನುವುದೇ ದೊಡ್ಡ ರುಚಿ. ಪಟ್ಟಣಕ್ಕೆ ಯಜಮಾನನೊಬ್ಬನೇ ಹೋಗಿ ಬಂದರೆ ಪ್ರವಾಸದ ಅರ್ಧ ಪುಣ್ಯ ನಷ್ಟ.

ಎರಡನೆಯ ಋತು ಸಂಗೀತದ್ದು. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಪ್ರಾರಂಭವಾಯಿತು. ಅದರ ರಾಮನವಮಿ ಉತ್ಸವಕ್ಕೆ ಎಂ. ಎಸ್. ಸುಬ್ಬುಲಕ್ಷ್ಮಿಯವರಿಂದ ಭೀಮಸೇನ ಜೋಶಿಯವರವರೆಗೆ ಭಾರತದ ದೊಡ್ಡ ದೊಡ್ಡ ಕಂಠಗಳೆಲ್ಲ ಬಂದುಹೋಗಿವೆ. ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದಲ್ಲಿ ಬೇಸಿಗೆಯ ಸಂಜೆ ಕಚೇರಿ ಕೇಳುವುದು ಬೆಂಗಳೂರಿನ ಹಲವು ಮನೆತನಗಳಿಗೆ ತಲೆಮಾರಿನ ರೂಢಿ. ರಾಮನವಮಿಯ ದಿನವಂತೂ ಬೀದಿಬೀದಿಯಲ್ಲಿ ಪಾನಕ, ಕೋಸಂಬರಿ, ನೀರುಮಜ್ಜಿಗೆ. ಆ ದಿನ ಹೋಟೆಲಿನ ಖರ್ಚೂ ಉಳಿಯುತ್ತದೆ.

“ನಮಗೆ ರಾಗತಾಳ ಎಲ್ಲಿ ಗೊತ್ತಾಗುತ್ತೆ?” ಎಂಬುದು ಸಾಮಾನ್ಯವಾದ ಆಕ್ಷೇಪ. ರಾಗದ ಹೆಸರು ಗೊತ್ತಿಲ್ಲದಿರಬಹುದು. ಆದರೆ ತೇರಿನ ಮುಂದಿನ ನಾಗಸ್ವರ, ಹಬ್ಬದ ತಮಟೆ, ಮದುವೆಯ ಸೋಬಾನೆ, ಶನಿವಾರದ ಭಜನೆ ಇವುಗಳ ನಡುವೆ ಬೆಳೆದ ಕಿವಿಗೆ ಶಿಕ್ಷಣವಿಲ್ಲವೆನ್ನುವುದು ಹೇಗೆ? ಕಚೇರಿಯಲ್ಲಿ ಮೃದಂಗ ಘಟಗಳ ತನಿ ಆವರ್ತನ ಆರಂಭವಾದೊಡನೆ ಸಭೆಯ ಕೆಲವರು ಕಾಫಿಗೆಂದು ಮೆಲ್ಲನೆ ಏಳುವುದುಂಟು. ತಮಟೆಯ ಪೆಟ್ಟಿಗೆ ಮೈಯೆಲ್ಲ ಕಿವಿಯಾಗುವ ಹಳ್ಳಿಗನು ಸರಿಯಾಗಿ ನೆಟ್ಟಗೆ ಕೂರುವುದು ಆಗಲೇ! ಆ ಅರ್ಧ ಗಳಿಗೆಯಲ್ಲಿ ನಿಜವಾದ ರಸಿಕರು ಯಾರೆಂಬುದು ತೀರ್ಮಾನವಾಗಿಹೋಗುತ್ತದೆ.

ಒಂದು ಕಲೆಯ ಬಾಗಿಲು ಇನ್ನೊಂದಕ್ಕೆ ತೆರೆಯುತ್ತದೆಂಬುದಕ್ಕೆ ಚಿತ್ರಕಾರ ಕೆ. ವೆಂಕಟಪ್ಪನವರ ಬಾಳೇ ನಿದರ್ಶನ. 1886ರಲ್ಲಿ ಮೈಸೂರಿನ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಹೆಸರು ಪಡೆದ ಅವರು, ಆ ಬಳಿಕ ವೀಣೆ ಶೇಷಣ್ಣನವರ ಬಳಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತು ವೀಣೆ ಕಲಿತರು. ಕೈಗೆ ಕುಂಚ ಒಲಿದ ಮೇಲೂ ಹೊಸ ನಾದಕ್ಕೆ ತಲೆಬಾಗಿದ ಆ ದೊಡ್ಡವರ ಮುಂದೆ, ನೇಗಿಲು ಹಿಡಿದ ಕೈಯವನು ಎರಡು ಸಂಜೆ ಸಂಗೀತ ಕೇಳುವುದು ಅತಿಯಾಸೆಯಲ್ಲ.

ಉಳಿಯುವ ಕಷ್ಟಗಳು ಎರಡು: ಹಣ ಮತ್ತು ಕೊನೆಯ ಬಸ್ಸು. ಕಚೇರಿ ರಸಗಟ್ಟುವ ಹೊತ್ತಿಗೆ ಊರಿನ ಬಸ್ಸಿನ ಚಿಂತೆ ಹತ್ತಿದರೆ ಪಲ್ಲವಿಯೂ ಕಂಡಕ್ಟರನ ಸೀಟಿಯಂತೆಯೇ ಕೇಳುತ್ತದೆ. ಆದ್ದರಿಂದ ಒಂದು ರಾತ್ರಿಯಾದರೂ ಅಲ್ಲಿ ತಂಗುವುದೆಂದು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಕೆಲಸಕ್ಕೆಂದು ಹೋಗಿ ನೆಲೆಸಿದ ನೆಂಟರು ಬೆಂಗಳೂರಿನಲ್ಲಿ ಇಲ್ಲದ ಮನೆ ಮಾಗಡಿ ಸೀಮೆಯಲ್ಲಿ ಅಪರೂಪ; ಸೇರು ಅವರೆಕಾಯಿ, ಒಂದು ಹಲಸಿನ ಹಣ್ಣು ಒಯ್ದರೆ ಸ್ವಾಗತಕ್ಕೆ ಕೊರತೆಯಾಗದು. ಹಣದ ಮಾತಿಗಾದರೊ ಕಲ್ಯದ ಕಲ್ಲೇ ಉತ್ತರ ಹೇಳುತ್ತದೆ. ವರ್ಷಕ್ಕೊಂದು ಹಣವನ್ನು ಅಂದಿನ ಮನೆಗಳು ಕೊಟ್ಟವು. ಇಂದಿನ ಮನೆ ಒಂದು ಡಬ್ಬಿಯಲ್ಲಿ ವಾರಕ್ಕೆ ಇಷ್ಟೆಂದು ಹಾಕುತ್ತ ಬಂದರೆ, ವರ್ಷ ತಿರುಗುವ ವೇಳೆಗೆ ಇಬ್ಬರ ಪ್ರಯಾಣದ ವೆಚ್ಚ ಕೂಡಿಬರುತ್ತದೆ. ಅದರಲ್ಲಿ ಒಂದು ಪಾಲು ಊರಿನ ಭಜನೆ ಮಂದಿರದ ತಬಲಕ್ಕೊ, ಶಾಲೆಯ ಮಕ್ಕಳ ಬಣ್ಣದ ಪೆಟ್ಟಿಗೆಗೊ ಉಳಿದರೆ ಇನ್ನೂ ಒಳ್ಳೆಯದು. ನೋಡಿ ಬಂದುದಕ್ಕೆ ಆಗ ಬೇರು ಬರುತ್ತದೆ.

ಇದು ಕೇವಲ ವಿಹಾರದ ವಿಷಯವಲ್ಲ. 2007ರಲ್ಲಿ ಮಾಗಡಿ ತಾಲ್ಲೂಕು ರಾಮನಗರ ಜಿಲ್ಲೆಗೆ ಸೇರಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ಹೆಸರಿಡಲು ಸರ್ಕಾರ ತೀರ್ಮಾನಿಸಿತು. ಪಟ್ಟಣದ ಹೆಸರು ಹಳ್ಳಿಯ ಬಾಗಿಲಿಗೆ ಬಂದಾಯಿತು. ಹೆಸರಿನ ಹಿಂದೆಯೇ ಅದರ ಧೂಳು, ದುಬಾರಿ, ನಿವೇಶನದ ಅಳತೆಯ ಸರಪಳಿ ಇವೆಲ್ಲ ಯಾರೂ ಕರೆಯದಿದ್ದರೂ ಬರತಕ್ಕವು. ಕರೆಯದ ಹೊರತು ಬಾರದಿರುವುವು ಅದರ ಚಿತ್ರ, ಅದರ ಸಂಗೀತ. ಹೊಲ ಮಾರಿದ ಮೇಲೆ ಪಟ್ಟಣಿಗನಾಗುವುದಕ್ಕಿಂತ, ಹೊಲವಿರುವಾಗಲೇ ಎರಡು ದಿನ ಪಟ್ಟಣದಲ್ಲಿ ಸುಖವಾಗಿದ್ದು ಹಿಂದಿರುಗುವುದು ಜಾಣತನ. ಮುಂದಿನ ರಾಮನವಮಿಗೆ ಇನ್ನೂ ಸಮಯವುಂಟು; ಡಬ್ಬಿಯನ್ನು ಮಾತ್ರ ಈ ವಾರವೇ ತೊಳೆದು ಒಣಗಿಸಿಡಬಹುದು.