ಎದೆನೋವು ಕಾಯುವುದಿಲ್ಲ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆ ಯಾರಾದರೂ ಹಠಾತ್ತನೆ ತೀರಿಕೊಂಡರೆಂದು ತಿಳಿದು, ‘ಏನಾಗಿತ್ತು?’ ಎಂದು ವಿಚಾರಿಸಿ ನೋಡಿ. ‘ಎದೆನೋವು ಎಂದರು, ಹುಬ್ಬಳ್ಳಿಗೆ ಒಯ್ಯುತ್ತಿದ್ದರು, ದಾರಿಯಲ್ಲೇ ಮುಗಿಯಿತು’ ಎಂಬ ಉತ್ತರ ನಾನು ಎಷ್ಟು ಸಲ ಕೇಳಿರುವೆನೋ ಲೆಕ್ಕವಿಲ್ಲ. ಹೇಳಿದವರೂ ಕೇಳಿದವರೂ ‘ಆಯುಷ್ಯ ಅಷ್ಟೇ’ ಎಂದು ನಿಟ್ಟುಸಿರು ಬಿಡುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ಆಯುಷ್ಯದ ತಲೆಗೆ ಕಟ್ಟುವ ಈ ತಪ್ಪಿನಲ್ಲಿ ಅರ್ಧ ನಮ್ಮದು, ಉಳಿದರ್ಧ ಸರ್ಕಾರದ್ದು.

ನಮ್ಮ ಪಾಲನ್ನು ಮೊದಲು ಹೇಳುತ್ತೇನೆ. ಸಿದ್ದಾಪುರ ಸೀಮೆಯ ನನ್ನ ಸೋದರಮಾವನಿಗೆ ಅಡಿಕೆ ಕೊಯ್ಲಿನ ದಿನಗಳಲ್ಲೊಂದು ರಾತ್ರಿ ಎದೆ ಬಿಗಿಯಿತು, ಮೈ ಬೆವರಿತು, ಎಡಗೈ ಸೆಳೆಯಿತು. ಮನೆಯವರು ಒಮ್ಮತದಿಂದ ‘ವಾಯು’ ಎಂದು ನಿರ್ಣಯಿಸಿದರು. ಜೀರಿಗೆ ಕಷಾಯವಾಯಿತು, ಬೆನ್ನು ನೀವಿದ್ದಾಯಿತು. ಬೆಳಗಿನ ಜಾವ ಕಾರು ಬಂತು. ಮಾವ ಸಾಗರವನ್ನು ದಾಟಲಿಲ್ಲ.

ಆ ರಾತ್ರಿ ಒಳಗೆ ನಡೆದದ್ದೇನು? ಹೃದಯಕ್ಕೇ ರಕ್ತವೊಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿತು. ಹಾಗೆ ಮುಚ್ಚಿದ ಅರ್ಧ ಗಂಟೆಯೊಳಗಾಗಿ ಹೃದಯದ ಸ್ನಾಯು ಸಾಯತೊಡಗುತ್ತದೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಹೊಟ್ಟೆಯ ಮೇಲ್ಭಾಗದ ಉರಿಯಾಗಿ, ದವಡೆಯ ನೋವಾಗಿ, ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ಬರಿಯ ಏದುಸಿರಾಗಿ ಕೂಡ ಇದು ಬರಬಹುದು. ವಾಯುವೋ ಹೃದಯವೋ ಎಂದು ಹೇಳಬೇಕಾದದ್ದು ಇಸಿಜಿ ಮತ್ತು ರಕ್ತಪರೀಕ್ಷೆ, ಅಡುಗೆಮನೆಯಲ್ಲ.

ಇನ್ನು ಸರ್ಕಾರದ ಪಾಲು. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಬಳಿ ಉರುಳಿ ನಾಲ್ವರು ಸತ್ತಾಗ, ಉತ್ತರ ಕನ್ನಡಕ್ಕೊಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಜಿಲ್ಲೆಯ ತುಂಬ ಎದ್ದಿತು. ಅದು ನ್ಯಾಯವಾದ ಕೂಗು. ನನ್ನದೂ ಅದರಲ್ಲಿ ಸೇರಿದೆ. ಆದರೆ ದೊಡ್ಡ ಆಸ್ಪತ್ರೆ ಕರಾವಳಿಯಲ್ಲಿ ಎದ್ದರೂ ಯಲ್ಲಾಪುರದವನು ಅರಬೈಲು ಘಟ್ಟವನ್ನೂ ಶಿರಸಿಯವನು ದೇವಿಮನೆ ಘಟ್ಟವನ್ನೂ ಇಳಿಯಲೇಬೇಕು. ಹುಬ್ಬಳ್ಳಿ ಶಿರಸಿಗೆ ಸುಮಾರು 100 ಕಿಲೋಮೀಟರ್, ಯಲ್ಲಾಪುರಕ್ಕೆ ಸುಮಾರು 70. ಸಿದ್ದಾಪುರದವನಿಗೆ ಶಿವಮೊಗ್ಗವೂ ನೂರನ್ನು ಮೀರಿದ್ದು.

ವೈದ್ಯಶಾಸ್ತ್ರ ಈ ದೂರಕ್ಕೆ ಉತ್ತರ ಕೊಟ್ಟಿದೆ. 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲವೆಂದಾದರೆ, ರಕ್ತಸ್ರಾವದ ಭಯವಿಲ್ಲದ ರೋಗಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲಿಯೇ ಕೊಟ್ಟು, ಅನಂತರ ದೊಡ್ಡ ಊರಿಗೆ ಕಳುಹಿಸಬೇಕು. ಟೆನೆಕ್ಟೆಪ್ಲೇಸ್ ಎಂಬ ಮದ್ದು ಒಂದೇ ಚುಚ್ಚಿನಲ್ಲಿ ಮುಗಿಯುವಂಥದು. ಮೊದಲ ಮೂರು ಗಂಟೆಗಳಲ್ಲಿ ಅದರ ಗುಣ ಹೆಚ್ಚು. 2021ರಲ್ಲಿ 46ರ ಹರೆಯದ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಸರ್ಕಾರ ತಂದ ‘ಹೃದಯ ಜ್ಯೋತಿ’ ಯೋಜನೆಯ ತಿರುಳೂ ಇದೇ: ಇಸಿಜಿ ತಾಲೂಕಿನಲ್ಲಿ, ಅದನ್ನು ಓದುವ ತಜ್ಞ ದೂರದಲ್ಲಿ, ಮದ್ದು ಉಚಿತ. ಮಂಗಳೂರಿನ ಡಾ. ಪದ್ಮನಾಭ ಕಾಮತರು ಹಳ್ಳಿಗಳಿಗೆ ಇಸಿಜಿ ಯಂತ್ರ ಹಂಚಿ, ವಾಟ್ಸ್ಆ್ಯಪಿನಲ್ಲಿ ವರದಿ ತರಿಸಿಕೊಂಡು, ಇದು ಆಗುವ ಕೆಲಸವೆಂದು ಮೊದಲೇ ತೋರಿಸಿಕೊಟ್ಟಿದ್ದಾರೆ.

ಆದುದರಿಂದ ನಮ್ಮ ಕೂಗು ಇಷ್ಟು ನಿಖರವಾಗಿರಲಿ: ಮಳೆಗಾಲದ ಮಧ್ಯರಾತ್ರಿ ಎರಡು ಗಂಟೆಗೂ ಮೂರು ತಾಲೂಕಿನ ಆಸ್ಪತ್ರೆಗಳಲ್ಲಿ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಚುಚ್ಚುಮದ್ದು ಕಪಾಟಿನಲ್ಲಿರಬೇಕು, ಅದನ್ನು ಕೊಡುವ ಧೈರ್ಯವೂ ತರಬೇತಿಯೂ ಉಳ್ಳ ವೈದ್ಯರು ಇರಬೇಕು. ಗೋಡೆಯ ಮೇಲಿನ ಯೋಜನೆಯ ಫಲಕ ಯಾವ ಹೆಪ್ಪನ್ನೂ ಕರಗಿಸದು.

ಬೆಂಗಳೂರಿನಲ್ಲಿ ಕುಳಿತು ಈ ಪುರವಣಿ ಓದುವ ಮಕ್ಕಳಿಗೆ ಒಂದು ಮಾತು. ‘ಅಪ್ಪನನ್ನು ಇಲ್ಲಿಗೇ ಕರಕೊಂಡು ಬನ್ನಿ, ಜಯದೇವಕ್ಕೆ ತೋರಿಸೋಣ’ ಎಂದು ಫೋನಿನಲ್ಲಿ ಹೇಳುವುದು ಪ್ರೀತಿಯೇ ಹೌದು. ಆದರೆ ಆ ಹೊತ್ತಿಗೆ ಹೇಳಬೇಕಾದದ್ದು, ‘108ಕ್ಕೆ ಕರೆ ಮಾಡಿ, ಮೊದಲು ಹತ್ತಿರದಲ್ಲಿ ಇಸಿಜಿ ಮಾಡಿಸಿ’ ಎಂದು. ಮಾವನಿಗೆ ನಾವು ಯಾರೂ ಆ ಮಾತನ್ನು ಹೇಳಲಿಲ್ಲ. ಆ ರಾತ್ರಿ ಫೋನು ಎತ್ತಿಕೊಂಡವನು ನಾನೇ. ‘ಬೆಳಗಾಗಲಿ, ನೋಡೋಣ’ ಎಂದವನೂ ನಾನೇ.