ಹಬ್ಬ-ಹರಿದಿನ: ಒಂದೇ ಚಂದ್ರ

ಕಲ್ಕತ್ತೆಯ ಕನ್ನಡಿಗರಿಗೆ ವರ್ಷಕ್ಕೆ ಎರಡು ಹೊಸ ವರ್ಷ. ಚಾಂದ್ರಮಾನದ ಯುಗಾದಿ ಮನೆಯೊಳಗೆ, ಸೌರಮಾನದ ಪೊಯ್ಲಾ ಬೈಶಾಖ್ ಬೀದಿಯಲ್ಲಿ. ತುಳುನಾಡಿನ ಬಿಸುವಿನಂತೆ ಇದೂ ಸೂರ್ಯನ ಮೇಷ ಸಂಕ್ರಮಣದ ಹಬ್ಬ. ಅಂದು ಅಂಗಡಿಯವರು 'ಹಾಲ್‌ಖಾತಾ' ಎಂದು ಹೊಸ ಲೆಕ್ಕದ ಪುಸ್ತಕ ತೆರೆದು ಗಿರಾಕಿಗಳಿಗೆ ಸಿಹಿ ಹಂಚುತ್ತಾರೆ. ಬೇವಿಲ್ಲದ ಬೆಲ್ಲ!

2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ, ರಂಜಾನ್ ಈದ್ 11ಕ್ಕೆ, ಪೊಯ್ಲಾ ಬೈಶಾಖ್ 14ಕ್ಕೆ ಬಂದವು. 2025ರಲ್ಲಿ ಮಾರ್ಚ್ 30 ಯುಗಾದಿ, ಮರುದಿನವೇ ಈದ್. ಇದರಲ್ಲಿ ಅಚ್ಚರಿಯಿಲ್ಲ. ಎರಡೂ ಅಮಾವಾಸ್ಯೆ ಕಳೆದ ಮೇಲಿನ ಹಬ್ಬಗಳು. ಯುಗಾದಿಯ ಚಂದ್ರದರ್ಶನಕ್ಕೆಂದು ನಾವು ಪಶ್ಚಿಮಕ್ಕೆ ಮುಖ ಮಾಡಿದಾಗ, ನಾಖೋದಾ ಮಸೀದಿಯ ಸುತ್ತಲಿನವರು ಹುಡುಕುತ್ತಿದ್ದುದೂ ಅದೇ ಎಳೆಚಂದ್ರನನ್ನು.

ಚಾಂದ್ರವರ್ಷಕ್ಕೆ 354 ದಿನ. ಸೌರವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಈ ಕೊರತೆಯನ್ನು ನಾವು ಅಧಿಕಮಾಸದಿಂದ ತುಂಬುತ್ತೇವೆ, ಹಿಜರಿ ಪಂಚಾಂಗ ತುಂಬುವುದಿಲ್ಲ. ಹಾಗಾಗಿ ಈದ್ ಎಲ್ಲ ಋತುಗಳನ್ನೂ ಸುತ್ತಿ, ಸುಮಾರು 33 ವರ್ಷಕ್ಕೆ ಮತ್ತೆ ಯುಗಾದಿಯ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಆದರೆ ಹಬ್ಬ ದೂರ ಸರಿದ ವರ್ಷದಲ್ಲೂ ನಮ್ಮ ಯುಗಾದಿಯ ಚಂದ್ರ ಅವರಿಗೆ ಹೊಸ ತಿಂಗಳನ್ನು ತರುತ್ತಾನೆ.

ಪರಊರಿನಲ್ಲಿ ಶಾಲೆ, ಕಚೇರಿಗಳ ನಡುವೆ ಹಬ್ಬವನ್ನು ಭಾನುವಾರಕ್ಕೆ ತಳ್ಳುವುದು ನಮಗೆ ಅನಿವಾರ್ಯ. ಊಟ, ಸಮಾರಂಭ ಭಾನುವಾರವೇ ಆಗಲಿ. ಚಂದ್ರ ಮಾತ್ರ ಭಾನುವಾರಕ್ಕೆ ಕಾಯುವುದಿಲ್ಲ. ಆದ್ದರಿಂದ ಬಂಧುಗಳೇ, ಆ ಸಂಜೆ ಐದು ನಿಮಿಷ ಮಕ್ಕಳನ್ನು ಮಹಡಿಗೆ ಕರೆದೊಯ್ದು ಚಂದ್ರನನ್ನು ತೋರಿಸಿ. ನೆರೆಯವರೂ ಅವನನ್ನೇ ಏಕೆ ಹುಡುಕುತ್ತಾರೆಂದು ಹೇಳಿ. ಪಂಚಾಂಗದ ಪಾಠ, ನೆರೆಹೊರೆಯ ಪಾಠ ಎರಡೂ ಒಟ್ಟಿಗೇ ಆಗುತ್ತವೆ.