ದೂರದ ಮೀನು ಮಬ್ಬು

ನೀರೊಳಗಿನ ಛಾಯಾಗ್ರಹಣದ ಹವ್ಯಾಸ ಈಗ ನಮ್ಮಂಥ ಸಂಬಳದಾರರ ಮನೆಗಳಿಗೂ ಬಂದಿದೆ. ರಜಾ ಪ್ರಯಾಣ ರಿಯಾಯಿತಿಯಲ್ಲಿ ಊರಿಗೆ ಹೋದ ಕಾಶಿಯ ಕನ್ನಡ ತರುಣರು ಮುರುಡೇಶ್ವರದಲ್ಲಿ ದೋಣಿ ಹತ್ತಿ, ನೇತ್ರಾಣಿ ದ್ವೀಪದ ಬಳಿ ಮುಳುಗಿ ಬರುತ್ತಾರೆ. ಮರಳಿ ಬಂದೊಡನೆ ವಿಶಾಲಕೋನ ಮಸೂರದ ಬೇಡಿಕೆ ಏಳುತ್ತದೆ. ಹವ್ಯಾಸವನ್ನು ನಾವು ದೂರುವುದಿಲ್ಲ. ಆದರೆ 'ದೂರ ನಿಂತು ಇಡೀ ದೃಶ್ಯ ಹಿಡಿಯುವುದಕ್ಕೇ ವೈಡ್ ಆಂಗಲ್ ಲೆನ್ಸು' ಎಂಬ ಮಾತನ್ನು ಮಾತ್ರ ಒಪ್ಪಲಾರೆವು. ಘಾಟುಗಳ ಸಾಲನ್ನು ದೋಣಿಯಿಂದ ತೆಗೆಯುವವನಿಗೆ ಅದು ಸರಿ. ನೀರೊಳಗೆ ಅದು ಶುದ್ಧ ತಪ್ಪು. ಆ ತಪ್ಪಿನ ಬೆಲೆ ಗುಮಾಸ್ತನೊಬ್ಬನ ಎಷ್ಟೋ ತಿಂಗಳ ಉಳಿತಾಯ.

ಇದನ್ನು ತಿಳಿಯಲು ಸಮುದ್ರವೇ ಬೇಕೆಂದಿಲ್ಲ. ನಮ್ಮ ಕರ್ನಾಟಕ ಘಾಟಿನಲ್ಲಿ ಗಂಗೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ, ಆಚೆಬದಿಯ ಬೆರಳು ಕಾಣುತ್ತದೆ. ಅದೇ ನೀರಿನಲ್ಲಿ ಎದೆಮಟ್ಟ ನಿಲ್ಲಿ, ನಿಮ್ಮ ಪಾದ ನಿಮಗೇ ಕಾಣದು. ನೀರು ಅದೇ, ಹೆಚ್ಚಿದ್ದು ನಡುವಿನ ನೀರಿನ ದಪ್ಪ. ತಿಳಿಯಾದ ಕಡಲಲ್ಲೂ ಕೆಂಪು ಬೆಳಕು ಮೊದಲ ಕೆಲವೇ ಮೀಟರುಗಳಲ್ಲಿ ಕರಗಿಹೋಗುತ್ತದೆ. ತೇಲುವ ಕಣಗಳು ಫ್ಲಾಶಿನ ಬೆಳಕನ್ನು ಹಿಂದಕ್ಕೆ ಎರಚುತ್ತವೆ. ದೂರದ ಬೆಟ್ಟ ನುಣ್ಣಗೆ ಇದ್ದೀತು, ದೂರದ ಮೀನು ಮಾತ್ರ ಮಬ್ಬು. ಆದ್ದರಿಂದ ನೀರಿನಲ್ಲಿ ವಿಶಾಲಕೋನದ ಕೆಲಸ ಒಂದೇ: ವಸ್ತುವಿನ ಹತ್ತಿರ ಹೋಗಿಯೂ ಅದನ್ನು ಪೂರ್ತಿಯಾಗಿ ಹಿಡಿಯುವುದು. 1963ರಲ್ಲಿ ಬಂದ ನಿಕಾನೋಸ್ ಕ್ಯಾಮರಾಕ್ಕೆ ಮುಂದೆ 15 ಮಿ.ಮೀ. ಮಸೂರವೊಂದನ್ನು, ನೀರಿನ ಹೊರಗೆ ಕೆಲಸಕ್ಕೇ ಬಾರದಂತೆ, ನೀರಿಗೆಂದೇ ತಯಾರಿಸಿದ್ದು ಇದಕ್ಕಾಗಿ.

ಹಾಗಾದರೆ ಮೊದಲ ಮಸೂರ ಯಾವುದು? ಫಿಷ್ ಐ ಎಂದು ಅಂಗಡಿಯವರು ಕರೆಯುವ ಮೀನುಗಣ್ಣಿನ ಮಸೂರವೇ ಎಂದು ನಮ್ಮ ವಾದ. ಕಾರಣ ಶಾಲೆಯ ಭೌತಶಾಸ್ತ್ರದಲ್ಲಿದೆ. ಕ್ಯಾಮರಾ ಪೆಟ್ಟಿಗೆಯ ಮುಂದೆ ಚಪ್ಪಟೆ ಗಾಜಿದ್ದರೆ ವಕ್ರೀಭವನದಿಂದ ನೋಟದ ಕೋನ ಕುಗ್ಗಿ, 24 ಮಿ.ಮೀ. ಮಸೂರ ಸುಮಾರು 32 ಮಿ.ಮೀ.ಯಂತೆ ವರ್ತಿಸುತ್ತದೆ. ಗುಮ್ಮಟದ ಗಾಜು ಕೋನವನ್ನು ಉಳಿಸುತ್ತದೆ. ಆದರೆ ದೂರದ ವಸ್ತುವಿನ ಬಿಂಬವನ್ನು ಗುಮ್ಮಟದ ಮುಂದೆ, ಅದರ ತ್ರಿಜ್ಯದ ಮೂರರಷ್ಟು ಅಂತರಕ್ಕೆ ಎಳೆದು ತರುತ್ತದೆ. 10 ಸೆಂ.ಮೀ. ತ್ರಿಜ್ಯಕ್ಕೆ 30 ಸೆಂ.ಮೀ., 5ಕ್ಕೆ ಬರೇ 15. ಅಷ್ಟು ಹತ್ತಿರ ಫೋಕಸ್ ಆಗದ ಮಸೂರ ಎಷ್ಟು ದುಬಾರಿಯಾದರೇನು? ಮೀನುಗಣ್ಣಿನ ಮಸೂರಗಳು ಸಾಮಾನ್ಯವಾಗಿ ತೀರ ಹತ್ತಿರಕ್ಕೂ ಫೋಕಸ್ ಆಗುತ್ತವೆ. ಸಣ್ಣ ಗುಮ್ಮಟವೂ ಅವಕ್ಕೆ ಸಾಕು. ನೇರ ಗೆರೆಯ ವಿಶಾಲ ಮಸೂರಕ್ಕೆ ಅಂಚು ಮಸುಕಾಗದಂತೆ ದೊಡ್ಡ ಗುಮ್ಮಟವನ್ನೇ ಕೊಡಬೇಕು. ಖರ್ಚಿನ ಜೊತೆಗೆ ಪ್ರಯಾಣದ ಹೊರೆಯೂ ಹೆಚ್ಚು.

'ಅದು ಗೆರೆಗಳನ್ನು ಬಾಗಿಸುತ್ತದಲ್ಲ' ಎಂದು ಆಕ್ಷೇಪಿಸುವವರಿದ್ದಾರೆ. ಬಾಗಿಸುತ್ತದೆ, ನಿಜ. ಘಾಟಿನ ಮೆಟ್ಟಿಲು ಬಾಗಿದರೆ ಕಣ್ಣಿಗೆ ಚುಚ್ಚೀತು. ಬಂಡೆಗೂ ಹವಳಕ್ಕೂ ಮೀನಿನ ಗುಂಪಿಗೂ ಅಡಿಕೋಲು ಹಿಡಿದು ಗೆರೆ ಎಳೆದವರಾರು? ಅರ್ಧ ನೀರು, ಅರ್ಧ ಆಕಾಶ ಬರುವ ಚಿತ್ರಕ್ಕೆ ದೊಡ್ಡ ಗುಮ್ಮಟ ಅನುಕೂಲವೆಂಬುದನ್ನು ನಾವು ಒಪ್ಪುತ್ತೇವೆ. ಅದು ಎರಡನೆಯ ಖರೀದಿಯಾಗಲಿ.

ಇನ್ನು ಗಂಗೆಯಲ್ಲೇ ಮುಳುಗಿ ಡಾಲ್ಫಿನ್ ಚಿತ್ರ ತೆಗೆಯುವ ಹುಮ್ಮಸ್ಸು ಬೇಡ. ಇಲ್ಲಿಯವರು ಸೂಂಸ್ ಎನ್ನುವ ಈ ಪ್ರಾಣಿಯ ಕಣ್ಣಿನಲ್ಲಿ ಮಸೂರವೇ ಇಲ್ಲ. ಈ ಕದಡಿದ ನೀರಿನಲ್ಲಿ ಅದು ಶಬ್ದದ ಪ್ರತಿಧ್ವನಿಯಿಂದ ದಾರಿ ಹುಡುಕುತ್ತದೆ. 1972ರ ವನ್ಯಜೀವಿ ಕಾಯಿದೆ ಅದನ್ನು ರಕ್ಷಿಸಿದೆ. 2009ರಲ್ಲಿ ಅದು ರಾಷ್ಟ್ರೀಯ ಜಲಚರವಾಯಿತು. ಹತ್ತಿರ ಹೋಗಬೇಕೆಂಬ ನಮ್ಮ ನಿಯಮ ಅದಕ್ಕೆ ಅನ್ವಯಿಸದು. ಅದನ್ನು ದಡದಿಂದಲೇ ನೋಡೋಣ.

ಖರೀದಿಗೆ ಹೊರಟ ಬಂಧುಗಳು ಅಂಗಡಿಯಲ್ಲಿ ಎರಡೇ ಪ್ರಶ್ನೆ ಕೇಳಲಿ: ಈ ಮಸೂರ ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ? ಇದಕ್ಕೆ ಬೇಕಾದ ಗುಮ್ಮಟವನ್ನೂ ಸೇರಿಸಿ ಒಟ್ಟು ಎಷ್ಟು? ಸರಿಯಾದ ಉತ್ತರ ಸಿಗುವವರೆಗೆ ಹಣ ಬ್ಯಾಂಕಿನಲ್ಲೇ ಇರಲಿ.